ಯೂನಿವರ್ಸಿಟಿ ಕೋರ್ಸ್ ಕಟ್ಟಲು ಯಾರ್ಯಾರು ಬೇಕು, ಯಾರು ಏನು ಮಾಡಬೇಕು

ಕೆಲವು ವರ್ಷಗಳ ಹಿಂದೆ ಒಂದು ಆನ್‌ಲೈನ್ ಕೋರ್ಸ್ ತಯಾರಿಸುವ ತಂಡದಲ್ಲಿ ನಾನೂ ಇದ್ದೆ. ನಾವು ಏಳು ಜನ. ಎಲ್ಲರೂ ಅವರವರ ಕೆಲಸದಲ್ಲಿ ಪಳಗಿದವರೇ. ಪಾಠ ಚೆನ್ನಾಗಿತ್ತು, ವಿಡಿಯೊ ಚೆನ್ನಾಗಿತ್ತು. ಕೋರ್ಸ್ ಶುರುವಾಗಿ ಮೂರನೇ ವಾರಕ್ಕೆ ವಿದ್ಯಾರ್ಥಿಗಳು ಕೇಳತೊಡಗಿದರು: “ಈ ಅಸೈನ್‌ಮೆಂಟಿಗೆ ಅಂಕ ಯಾವ ಲೆಕ್ಕದಲ್ಲಿ ಕೊಡ್ತೀರಿ?” ನಮ್ಮ ಹತ್ತಿರ ಲೆಕ್ಕವೇ ಇರಲಿಲ್ಲ. ಅಂಕ ಹಂಚಿಕೆಯ ವಿವರವನ್ನು ಡಿಸೈನರ್ (ಪಾಠವನ್ನು ಕಲಿಯುವವರಿಗೆ ಒಗ್ಗುವ ಹಾಗೆ ಜೋಡಿಸುವವರು) ಬರೆಯುತ್ತಾರೆ ಅಂತ ಪ್ರಾಧ್ಯಾಪಕರು ಅಂದುಕೊಂಡಿದ್ದರು. ಪ್ರಾಧ್ಯಾಪಕರು ಬರೆಯುತ್ತಾರೆ ಅಂತ ಡಿಸೈನರ್ ಅಂದುಕೊಂಡಿದ್ದರು. ಆ ಡಿಸೈನರ್ ನಾನೇ.

ಅವತ್ತಿನಿಂದ ಯಾವ ತಂಡಕ್ಕೆ ಹೋದರೂ ಯಾರ್ಯಾರು ಇದ್ದಾರೆ ಅಂತ ನೋಡುವ ಮೊದಲು ಯಾವ ಕೆಲಸದ ಮುಂದೆ ಯಾರ ಹೆಸರಿದೆ ಅಂತ ಕೇಳುತ್ತೇನೆ. ಈ ಲೇಖನವೂ ಅದೇ ಪ್ರಶ್ನೆಯ ಸುತ್ತ ಇದೆ. ಹೊಸ ಕೋರ್ಸ್ ಮಾಡಲು ಹೊರಟ ಪ್ರಾಧ್ಯಾಪಕರಿಗೆ, ವಿಭಾಗದ ಮುಖ್ಯಸ್ಥರಿಗೆ, “ನೀವೂ ಕಮಿಟಿಯಲ್ಲಿರಿ” ಅಂತ ಯಾರೋ ಎಳೆದು ತಂದವರಿಗೆ ಉಪಯೋಗವಾಗಬಹುದು.

ಒಬ್ಬರೇ ಮೇಷ್ಟ್ರು ಸಿಲಬಸ್ ಬರೆದು, ಪಾಠ ಮಾಡಿ, ಪ್ರಶ್ನೆಪತ್ರಿಕೆ ತೆಗೆದು, ಉತ್ತರವನ್ನೂ ತಿದ್ದುವುದು ಹಳೆಯ ಪದ್ಧತಿ. ಕ್ಲಾಸ್‌ರೂಮಿನಲ್ಲಿ ಅದು ಹೇಗೋ ನಡೆದು ಹೋಗುತ್ತದೆ. ಅರ್ಥವಾಗದಿದ್ದರೆ ಎದುರಿಗಿರುವ ಮುಖ ನೋಡಿ ಇನ್ನೊಮ್ಮೆ ಹೇಳಬಹುದು. ದೂರದಲ್ಲಿ ಕೂತು ಓದುವವರಿಗೆ ಆ ಅನುಕೂಲ ಇಲ್ಲ. 1969ರಲ್ಲಿ ಬ್ರಿಟನ್ನಿನಲ್ಲಿ ಓಪನ್ ಯೂನಿವರ್ಸಿಟಿ ಹುಟ್ಟಿದಾಗ ಎದುರಾದ ತೊಡಕು ಇದೇ. 1971ರಲ್ಲಿ ಅಲ್ಲಿ ಪಾಠ ಶುರುವಾದಾಗ ವಿದ್ಯಾರ್ಥಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅಂಚೆಯಲ್ಲಿ ಬರುವ ಪುಸ್ತಕ, ಬಿಬಿಸಿಯ ರೇಡಿಯೊ ಮತ್ತು ಟಿವಿ ಕಾರ್ಯಕ್ರಮ, ಬಹುಪಾಲು ಇವೇ ಅವರ ಕ್ಲಾಸು. ಹಾಗಾಗಿ ಅಲ್ಲಿ ‘ಕೋರ್ಸ್ ಟೀಮ್’ ಪದ್ಧತಿ ಬಂತು. ಹಲವು ಪ್ರಾಧ್ಯಾಪಕರು, ಕಲಿಕೆಯ ತಂತ್ರ ಬಲ್ಲವರು, ಸಂಪಾದಕರು, ಬಿಬಿಸಿ ನಿರ್ಮಾಪಕರು ಒಂದೇ ಮೇಜಿನ ಸುತ್ತ ಕೂತರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದಿದರು. ಇವತ್ತಿನ ಕೋರ್ಸ್ ತಂಡಗಳು ಹೆಚ್ಚುಕಮ್ಮಿ ಅದರ ಮೊಮ್ಮಕ್ಕಳು.

1. ಮೊದಲು ಕೆಲಸಗಳನ್ನು ಬರೆಯಿರಿ, ಜನ ಆಮೇಲೆ

ಒಂದು ಹಾಳೆ ತೆಗೆದುಕೊಂಡು ಆಗಬೇಕಾದ ಕೆಲಸಗಳನ್ನೆಲ್ಲ ಬರೆಯಿರಿ. ‘ಮೌಲ್ಯಮಾಪನ’ ಅಂತ ಒಂದೇ ಮಾತಿನಲ್ಲಿ ಬರೆದರೆ ಸಾಲದು. ಪ್ರಶ್ನೆ ಬರೆಯುವುದು, ಅಂಕ ಹಂಚಿಕೆ ಬರೆಯುವುದು, ಮಾದರಿ ಉತ್ತರ ಬರೆಯುವುದು, ಅದನ್ನೆಲ್ಲ ಎಲ್‌ಎಂಎಸ್‌ಗೆ (ಕೋರ್ಸ್ ನಡೆಸುವ ಆನ್‌ಲೈನ್ ವ್ಯವಸ್ಥೆಗೆ) ಹಾಕುವುದು, ಹಾಕಿದ್ದು ಸರಿಯಿದೆಯೇ ಅಂತ ನೋಡುವುದು: ಇವು ಐದು ಬೇರೆ ಬೇರೆ ಕೆಲಸ. ಹೀಗೆ ಒಡೆಯುತ್ತಾ ಹೋದರೆ ಸಣ್ಣ ಕೋರ್ಸಿಗೂ ನಲವತ್ತು, ಐವತ್ತು ಸಾಲು ಆಗುತ್ತದೆ. ಆಗಲಿ ಬಿಡಿ.

ಏನು ಬರೆಯಬೇಕು ಅಂತ ತೋಚದಿದ್ದರೆ ‘ಆಡಿ’ (ADDIE) ಎಂಬ ಹಳೆಯ ಮಾದರಿ ಕೈಹಿಡಿಯುತ್ತದೆ. 1975ರ ಹೊತ್ತಿಗೆ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೇನೆಯ ತರಬೇತಿಗಾಗಿ ಮಾಡಿದ ಕೆಲಸದಿಂದ ಬಂದದ್ದು ಇದು. ಹಂತಗಳು ಐದು. ಯಾರಿಗೆ ಏನು ಬೇಕು ಅಂತ ತಿಳಿಯುವುದು, ನಕ್ಷೆ ಹಾಕುವುದು, ತಯಾರಿಸುವುದು, ನಡೆಸುವುದು, ಹೇಗೆ ನಡೆಯಿತು ಅಂತ ನೋಡುವುದು. ಒಂದೊಂದು ಹಂತಕ್ಕೂ ಏನೇನು ಆಗಬೇಕು ಅಂತ ಕೇಳಿಕೊಂಡರೆ ಪಟ್ಟಿ ತಾನಾಗಿ ಬೆಳೆಯುತ್ತದೆ.

ಈಗ ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ. ಒಂದೇ. ‘ವಿಭಾಗ’, ‘ತಂಡ’, ‘ಎಲ್ಲರೂ’ ಅಂತ ಬರೆದ ಸಾಲು ಖಾಲಿ ಇದ್ದ ಹಾಗೇ ಲೆಕ್ಕ. ಕೆಲವು ಕಡೆ ‘ರೇಸಿ’ ಅಂತ ನಾಲ್ಕು ಕಾಲಂ ಹಾಕುತ್ತಾರೆ: ಮಾಡುವವರು, ಹೊಣೆ ಹೊರುವವರು, ಕೇಳಬೇಕಾದವರು, ತಿಳಿಸಬೇಕಾದವರು. ದೊಡ್ಡ ತಂಡಕ್ಕೆ ಒಳ್ಳೆಯದೇ. ಆದರೆ ಐದಾರು ಜನ ಇರುವಲ್ಲಿ ನಾಲ್ಕು ಕಾಲಂ ತುಂಬಿಸುವುದೇ ಒಂದು ಕೆಲಸವಾಗಿ, ಆಮೇಲೆ ಯಾರೂ ಅದನ್ನು ತೆರೆದು ನೋಡುವುದಿಲ್ಲ. ನನಗೆ ಎರಡೇ ಕಾಲಂ ಸಾಕಾಗಿದೆ: ಯಾರು ಮಾಡುತ್ತಾರೆ, ಮುಗಿಯಿತು ಅಂತ ಯಾರು ಹೇಳುತ್ತಾರೆ.

2. ಕೊನೆಯ ಮಾತು ಒಬ್ಬರದ್ದೇ ಇರಲಿ

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವುದು ಕೋರ್ಸ್ ತಂಡಗಳನ್ನು ನೋಡಿಯೇ ಹುಟ್ಟಿದ ಗಾದೆ ಅನ್ನಿಸುತ್ತದೆ ನನಗೆ. ಇಬ್ಬರು ಹಿರಿಯ ಪ್ರಾಧ್ಯಾಪಕರು ಇದ್ದರಂತೂ ಇಬ್ಬರಿಗೂ ಅವರವರ ಅಧ್ಯಾಯ ಬಿಡಲು ಮನಸ್ಸಿಲ್ಲ. ಕೋರ್ಸಿಗೆ ಒಬ್ಬ ಮುಖ್ಯಸ್ಥರು ಬೇಕಾಗುವುದು ಇದಕ್ಕೇ. ಅವರ ದೊಡ್ಡ ಕೆಲಸ ಸೇರಿಸುವುದಕ್ಕಿಂತ ಜಾಸ್ತಿ ಕತ್ತರಿಸುವುದು. ಹನ್ನೆರಡು ವಾರಕ್ಕೆ ಹದಿನಾರು ವಾರದ ಪಾಠ ಬಂದಾಗ ಯಾವುದನ್ನು ಬಿಡುವುದು ಅಂತ ಅವರು ಹೇಳಬೇಕು, ಹೇಳಿದ ಮೇಲೆ ಚರ್ಚೆ ಮುಗಿಯಬೇಕು. ವಿಶ್ವವಿದ್ಯಾಲಯದ ಅನುಮೋದನೆ ಸಮಿತಿಯ ಮುಂದೆ ಉತ್ತರ ಕೊಡುವವರೂ ಅವರೇ.

ಇವರ ಪಕ್ಕದಲ್ಲಿ ಒಬ್ಬ ಸಂಯೋಜಕರು ಬೇಕು. ಯಾವ ಪಾಠ ಯಾರ ಕೈಯಲ್ಲಿದೆ, ಯಾವ ಫೈಲು ಕೊನೆಯದು, ಯಾರ ಡೆಡ್‌ಲೈನ್ ದಾಟಿತು ಅಂತ ನೋಡುವವರು. ಮುಖ್ಯಸ್ಥರೇ ಇದನ್ನೂ ಮಾಡುತ್ತೇನೆ ಅಂದರೆ ಸಾಧ್ಯವಾದಷ್ಟು ತಡೆಯಿರಿ. ಸಹೋದ್ಯೋಗಿಗೆ ಮೂರನೇ ಸಲ “ಪಾಠ ಎಲ್ಲಿ ಸಾರ್?” ಅಂತ ಕೇಳುವುದಕ್ಕೆ ಅವರಿಗೆ ಸಂಕೋಚ. ಸಂಯೋಜಕರಿಗೆ ಅದೇ ಕೆಲಸ, ಸಂಕೋಚ ಇಲ್ಲ.

3. ವಿಷಯ ತಜ್ಞರು ಮತ್ತು ಡಿಸೈನರ್

ಕೋರ್ಸ್ ನಿಲ್ಲುವುದೂ ಬೀಳುವುದೂ ಈ ಜೋಡಿಯ ಮೇಲೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪ್ರಾಧ್ಯಾಪಕರಿಗೆ ವಿಷಯ ಎಷ್ಟು ಚೆನ್ನಾಗಿ ಗೊತ್ತಿರುತ್ತದೋ, ಅದು ಗೊತ್ತಿಲ್ಲದವರ ಕಷ್ಟ ಅವರಿಗೆ ಅಷ್ಟೇ ಮರೆತುಹೋಗಿರುತ್ತದೆ. ತಪ್ಪು ಅವರದ್ದಲ್ಲ, ಎಲ್ಲರ ತಲೆಯೂ ಹಾಗೇ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು. ಎದುರಿಗಿದ್ದವರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಹಾಡನ್ನಾದರೂ ಗುರುತಿಸುತ್ತಾರೆ ಅಂತ ಕುಟ್ಟಿದವರ ಅಂದಾಜು. ಕುಟ್ಟಿದ್ದು 120 ಹಾಡು, ಗುರುತು ಸಿಕ್ಕಿದ್ದು ಮೂರೇ ಮೂರು. ಕುಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಕೇಳುತ್ತಿರುತ್ತದೆ, ಎದುರಿಗಿದ್ದವರಿಗೆ ಬರೀ ಟಕ್ ಟಕ್.

ಡಿಸೈನರ್ ಕೂರುವ ಜಾಗ ಆ ಟಕ್ ಟಕ್ ಕೇಳುವ ಕುರ್ಚಿ. ವಿಷಯ ಅಷ್ಟಾಗಿ ಗೊತ್ತಿಲ್ಲದಿರುವುದೇ ಅವರ ಬಂಡವಾಳ. ಅವರು ಕೇಳುವ ಪ್ರಶ್ನೆಗಳು ಪೆದ್ದು ಅನ್ನಿಸಬಹುದು, ಆದರೆ ಅದಕ್ಕೊಂದು ಕ್ರಮ ಇದೆ. ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿ ಈಗ ಮಾಡಲಾಗದ ಏನನ್ನು ಮಾಡಬಲ್ಲರು? ಅದು ನಮಗೆ ಗೊತ್ತಾಗುವುದು ಹೇಗೆ? ಅದಕ್ಕೆ ಎಂಥ ಅಭ್ಯಾಸ ಬೇಕು? ಆ ಅಭ್ಯಾಸ ಮಾಡಲು ಏನು ಓದಿರಬೇಕು? ನೋಡಿ, ಪಾಠ ಬರುವುದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಹೆಚ್ಚಿನವರು ಕೆಲಸ ಶುರು ಮಾಡುವುದೇ ಅಲ್ಲಿಂದ. ಗುರಿ, ಚಟುವಟಿಕೆ, ಪರೀಕ್ಷೆ ಮೂರೂ ಒಂದೇ ದಾರದಲ್ಲಿರಬೇಕು ಅನ್ನುವ ಈ ಮಾತನ್ನು ಶಿಕ್ಷಣ ತಜ್ಞ ಜಾನ್ ಬಿಗ್ಸ್ 1996ರಲ್ಲಿ ಗಟ್ಟಿಯಾಗಿ ಹೇಳಿದರು. ಇವತ್ತು ಬಹಳ ವಿಶ್ವವಿದ್ಯಾಲಯಗಳ ಕೋರ್ಸ್ ಅರ್ಜಿಗಳು ಅದೇ ಲೆಕ್ಕದಲ್ಲಿ ಇರುತ್ತವೆ.

ಒಂದು ಉದಾಹರಣೆ. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ‘ಸ್ಯಾಂಪ್ಲಿಂಗ್ ಬಗ್ಗೆ ತಿಳಿದುಕೊಳ್ಳುವುದು’ ಅಂತ ಗುರಿ ಬರೆದರು ಅನ್ನಿ. ತಿಳಿದುಕೊಂಡರೋ ಇಲ್ಲವೋ ಅಂತ ನೋಡುವುದು ಹೇಗೆ? ಅದನ್ನೇ ‘ಒಂದು ಸಮೀಕ್ಷೆಯ ವರದಿ ಕೊಟ್ಟರೆ, ಜನರನ್ನು ಆರಿಸಿದ ರೀತಿಯಲ್ಲಿ ಎಲ್ಲಿ ಎಡವಿದ್ದಾರೆ ಅಂತ ತೋರಿಸುವುದು’ ಅಂತ ಬರೆದರೆ ಪ್ರಶ್ನೆಪತ್ರಿಕೆ ಅರ್ಧ ತಯಾರಾದ ಹಾಗೆ. ಇಂಥ ಕ್ರಿಯಾಪದ ಆರಿಸಲು ಶಿಕ್ಷಣ ತಜ್ಞ ಬ್ಲೂಮ್ ಅವರ ಕಲಿಕೆಯ ಗುರಿಗಳ ವರ್ಗೀಕರಣ ಅನುಕೂಲ. 1956ರದ್ದು, 2001ರಲ್ಲಿ ಪರಿಷ್ಕರಣೆಯಾಗಿದೆ. ನೆನಪಿಡುವುದರಿಂದ ಹಿಡಿದು ಹೊಸದನ್ನು ಸೃಷ್ಟಿಸುವವರೆಗೆ ಆರು ಮೆಟ್ಟಿಲು. ಅದನ್ನು ಮಂತ್ರ ಮಾಡಿಕೊಳ್ಳಬೇಡಿ. ಪ್ರತಿ ಪಾಠಕ್ಕೂ ಆರೂ ಮೆಟ್ಟಿಲು ಇರಲೇಬೇಕು ಅಂತ ಹಟ ಹಿಡಿದ ತಂಡಗಳನ್ನು ನೋಡಿದ್ದೇನೆ, ಸುಮ್ನೆ ಕಾಗದ ತುಂಬುತ್ತದೆ.

ಈ ಜೋಡಿಯಲ್ಲಿ ಜಗಳ ಬರುವುದು ಸಹಜ. “ಪಾಠ ಮಾಡೋದನ್ನ ನನಗೇ ಹೇಳಿಕೊಡೋಕೆ ಬಂದ್ರಾ?” ಅಂತ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಇಪ್ಪತ್ತೈದು ವರ್ಷ ಪಾಠ ಮಾಡಿದವರು, ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಈಗ ನಾನು ಮೊದಲ ಭೇಟಿಗೆ ಯಾವ ಟೆಂಪ್ಲೇಟೂ ಒಯ್ಯುವುದಿಲ್ಲ. ಒಂದೇ ಕೇಳುತ್ತೇನೆ: “ಪ್ರತಿ ವರ್ಷ ಉತ್ತರಪತ್ರಿಕೆಯಲ್ಲಿ ನಿಮಗೆ ತಲೆ ಚಿಟ್ಟು ಹಿಡಿಸುವ ತಪ್ಪು ಯಾವುದು?” ಈ ಪ್ರಶ್ನೆಗೆ ಉತ್ತರ ಕೊಡದ ಪ್ರಾಧ್ಯಾಪಕರು ಇನ್ನೂ ಸಿಕ್ಕಿಲ್ಲ. ಹತ್ತು ನಿಮಿಷದಲ್ಲಿ ಕೋರ್ಸಿನ ಕಷ್ಟದ ಜಾಗಗಳೆಲ್ಲ ಮೇಜಿನ ಮೇಲೆ ಬಂದಿರುತ್ತವೆ, ಕೆಲಸ ಅಲ್ಲಿಂದ ಶುರು.

ಗಡಿಯನ್ನು ಮೊದಲೇ ಹಾಕಿಕೊಳ್ಳಿ. ವಿಷಯ ಸರಿಯೋ ತಪ್ಪೋ ಅನ್ನುವುದು ತಜ್ಞರ ಮಾತು, ಡಿಸೈನರ್ ಅದಕ್ಕೆ ಕೈ ಹಾಕಬಾರದು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು, ಎಲ್ಲಿ ಅಭ್ಯಾಸ ಅನ್ನುವುದರಲ್ಲಿ ಡಿಸೈನರ್ ಮಾತಿಗೆ ತೂಕ ಇರಲಿ. ಇಬ್ಬರಿಗೂ ಹೊಂದದಿದ್ದರೆ ಕೋರ್ಸ್ ಮುಖ್ಯಸ್ಥರ ಹತ್ತಿರ ಹೋಗಿ. ಮೂರ್ನಾಲ್ಕು ಜನ ಪಾಠ ಬರೆಯುತ್ತಿದ್ದರೆ ಒಬ್ಬ ಸಂಪಾದಕರನ್ನೂ ಸೇರಿಸಿಕೊಳ್ಳಿ. ಇಲ್ಲವಾದರೆ ಎರಡನೇ ಅಧ್ಯಾಯದ ಪಾರಿಭಾಷಿಕ ಪದಕ್ಕೆ ಐದನೇ ಅಧ್ಯಾಯದಲ್ಲಿ ಬೇರೆ ಹೆಸರು ಬಂದು, ವಿದ್ಯಾರ್ಥಿಗಳು ಅದು ಬೇರೆಯೇ ಸಂಗತಿ ಅಂದುಕೊಳ್ಳುತ್ತಾರೆ.

4. ಗಂಟೆ ಲೆಕ್ಕ ಹಾಕುವವರು

ಇದು ಸಣ್ಣ ಕೆಲಸ, ಆದರೆ ಯಾರೂ ಮಾಡುವುದಿಲ್ಲ. ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆ ದುಡಿಮೆ. ಅದರಲ್ಲಿ ಕ್ಲಾಸು, ಓದು, ಅಸೈನ್‌ಮೆಂಟು, ಪರೀಕ್ಷೆಯ ತಯಾರಿ ಎಲ್ಲ ಬಂತು. ಹಾಗಾದರೆ 4 ಕ್ರೆಡಿಟ್‌ಗೆ 100ರಿಂದ 120 ಗಂಟೆ. ಹನ್ನೆರಡು ವಾರಕ್ಕೆ ಹಂಚಿದರೆ ವಾರಕ್ಕೆ 8ರಿಂದ 10 ಗಂಟೆ. ನಿಮ್ಮ ಪದ್ಧತಿಯಲ್ಲಿ ಕ್ರೆಡಿಟ್‌ಗೆ ಎಷ್ಟು ಗಂಟೆಯೋ ಅದನ್ನು ಹಿಡಿದು ಪ್ರತಿ ವಾರದ ಓದು, ವಿಡಿಯೊ, ಚಟುವಟಿಕೆಗೆ ಎಷ್ಟು ಹೊತ್ತು ಬೇಕು ಅಂತ ಕೂಡಿಸಿ. ಪ್ರಾಧ್ಯಾಪಕರು ಅರ್ಧ ಗಂಟೆಯಲ್ಲಿ ಓದುವ ಲೇಖನಕ್ಕೆ ಹೊಸಬರಿಗೆ ಎರಡು ಗಂಟೆ ಬೇಕಾಗಬಹುದು. ಲೆಕ್ಕ ಡಿಸೈನರ್ ಹಾಕಲಿ, ಮುಖ್ಯಸ್ಥರು ನೋಡಲಿ. ಕತ್ತರಿಸುವ ಮಾತು ಬಂದಾಗ ಈ ಅಂಕಿ ಕೈಯಲ್ಲಿದ್ದರೆ ವಾದ ಬೇಗ ಮುಗಿಯುತ್ತದೆ.

5. ಲೈಬ್ರರಿಯವರನ್ನು ಬೇಗ ಕರೆಯಿರಿ

ಸಾಮಾನ್ಯವಾಗಿ ಗ್ರಂಥಪಾಲಕರ ನೆನಪಾಗುವುದು ಕೋರ್ಸ್ ಶುರುವಾಗಲು ವಾರ ಇರುವಾಗ. ಅಷ್ಟರಲ್ಲಿ ಪ್ರಾಧ್ಯಾಪಕರು ಎಲ್ಲಿಂದಲೋ ತೆಗೆದ ಚಿತ್ರ, ಯಾವುದೋ ಪುಸ್ತಕದ ನಾಲ್ಕು ಅಧ್ಯಾಯದ ಪಿಡಿಎಫ್ ಎಲ್ಲ ಪಾಠದೊಳಗೆ ಸೇರಿಕೊಂಡಿರುತ್ತವೆ. ಅನುಮತಿ ಕೇಳಿದರೆ ಉತ್ತರ ಬರಲು ವಾರಗಟ್ಟಲೆ ಆಗುತ್ತದೆ. ಓದಬೇಕಾದ ಪಟ್ಟಿ ಮಾಡುವ ದಿನವೇ ಅವರು ಪಕ್ಕದಲ್ಲಿದ್ದರೆ, ಲೈಬ್ರರಿ ಚಂದಾ ಕಟ್ಟಿರುವ ಪ್ರತಿ ಯಾವುದು, ಮುಕ್ತವಾಗಿ ಸಿಗುವುದು ಯಾವುದು ಅಂತ ಅಲ್ಲೇ ಹೇಳಿಬಿಡುತ್ತಾರೆ.

ಕಾಪಿರೈಟ್ ನೋಡುವ ಹೊಣೆಯನ್ನೂ ಒಬ್ಬರ ಹೆಸರಿಗೆ ಬರೆಯಿರಿ. ತಮ್ಮ ಕೃತಿಯನ್ನು ಬೇರೆಯವರೂ ಬಳಸಲಿ ಅಂತ ಮೊದಲೇ ಅನುಮತಿ ಕೊಡುವ, 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದರೆ ಎಲ್ಲಾ ಫ್ರೀ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಪರವಾನಗಿಯ ಹೆಸರಿನಲ್ಲಿ ‘ಬೈ’ ಅಂತಿದ್ದರೆ ಬರೆದವರ ಹೆಸರು ಹಾಕಬೇಕು. ‘ಎನ್‌ಸಿ’ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎಸ್‌ಎ’ ಅಂದರೆ ಬದಲಿಸಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ‘ಎನ್‌ಡಿ’ ಇದ್ದರೆ ಬದಲಿಸಿದ್ದನ್ನು ಹಂಚುವ ಹಾಗಿಲ್ಲ, ಅನುವಾದವೂ ಬದಲಾವಣೆಯ ಲೆಕ್ಕಕ್ಕೇ ಬರುತ್ತದೆ. ಬೇರೆ ಭಾಷೆಯ ಪಾಠವನ್ನು ಕನ್ನಡಕ್ಕೆ ತಂದು ಕೋರ್ಸಿಗೆ ಹಾಕುವವರು ಎಡವುವುದು ಇಲ್ಲೇ.

6. ಎಲ್ಲರಿಗೂ ಓದಲು ಆಗುತ್ತದೆಯೇ ಅಂತ ನೋಡುವವರು

ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲು ಆಗದವರು ಕೂಡ ಕೋರ್ಸ್ ಮಾಡುವಂತಿರಬೇಕು. ಇದಕ್ಕೆ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ವ್ಯತ್ಯಾಸ ಕನಿಷ್ಠ 4.5:1 ಇರಬೇಕು, ವಿಡಿಯೊಗೆ ಕ್ಯಾಪ್ಶನ್ ಬೇಕು, ಚಿತ್ರಕ್ಕೆ ಬದಲಿ ಪಠ್ಯ (ಚಿತ್ರದಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆದದ್ದು) ಬೇಕು, ಹೀಗೆ. ತಾಂತ್ರಿಕ ಸಿಬ್ಬಂದಿ ಬಣ್ಣ ಸರಿಮಾಡುತ್ತಾರೆ, ಶೀರ್ಷಿಕೆ ಸರಿಮಾಡುತ್ತಾರೆ. ಆದರೆ ಚಿತ್ರದ ಬದಲಿ ಪಠ್ಯ ಮಾತ್ರ ಅವರ ತಲೆಗೆ ಕಟ್ಟಬೇಡಿ. ಒಂದು ಗ್ರಾಫ್ ಏನು ಹೇಳುತ್ತದೆ ಅಂತ ಗೊತ್ತಿರುವುದು ಅದನ್ನು ಪಾಠಕ್ಕೆ ತಂದವರಿಗೆ. ‘ಗ್ರಾಫ್ ಚಿತ್ರ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಚಿತ್ರ ಕೊಡುವವರೇ ಎರಡು ಸಾಲು ಬರೆದು ಕೊಡಬೇಕು ಅಂತ ನಿಯಮ ಮಾಡಿ.

7. ವಿಡಿಯೊ ಮಾಡುವವರು

ಎಲ್ಲರಿಗೂ ಆಸೆ ಇಲ್ಲೇ, ದುಡ್ಡು ಮತ್ತು ಸಮಯ ಸೋರುವುದೂ ಇಲ್ಲೇ. ಎಡ್ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ ನಾಲ್ಕು ಕೋರ್ಸುಗಳಲ್ಲಿ ಜನ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆಯನ್ನು ಹಿಡಿದು 2014ರಲ್ಲಿ ಒಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಜನ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷದ ಆಸುಪಾಸು. ಅಂದ ಮಾತ್ರಕ್ಕೆ ಐವತ್ತು ನಿಮಿಷದ ಪಾಠವನ್ನು ಗಡಿಯಾರ ನೋಡಿ ಎಂಟು ತುಂಡು ಮಾಡಬೇಡಿ. ಒಂದು ವಿಡಿಯೊಗೆ ಒಂದು ಮಾತು, ಅದು ಮುಗಿದಲ್ಲಿ ಕತ್ತರಿ.

ಇಲ್ಲಿ ಮೂರು ಹೆಸರು ಬೇಕು. ಸ್ಕ್ರಿಪ್ಟ್ ಇನ್ನು ಬದಲಾಗುವುದಿಲ್ಲ ಅಂತ ಹೇಳುವವರು ಒಬ್ಬರು. ಚಿತ್ರೀಕರಣ ಮತ್ತು ಎಡಿಟಿಂಗ್ ಮಾಡುವವರು ಒಬ್ಬರು. ಎಡಿಟ್ ಆದದ್ದನ್ನು ಪೂರ್ತಿ ನೋಡಿ, ಸೂತ್ರದಲ್ಲಿ ಮೈನಸ್ ಬಿಟ್ಟುಹೋಗಿದೆ ಅಂತ ಕಂಡುಹಿಡಿಯುವ ವಿಷಯ ಬಲ್ಲವರು ಇನ್ನೊಬ್ಬರು. ಸ್ಕ್ರಿಪ್ಟಿನಲ್ಲಿ ಒಂದು ಸಾಲು ತಿದ್ದಲು ಒಂದು ನಿಮಿಷ ಸಾಕು. ಎಡಿಟ್ ಆದ ಮೇಲೆ ಅದೇ ಸಾಲಿಗೆ ಅರ್ಧ ದಿನ ಹೋಗುತ್ತದೆ. ಇನ್ನೊಂದು ಮಾತು: ‘ಹೋದ ವರ್ಷ’, ‘ಮುಂದಿನ ಸೋಮವಾರ’, ‘ನಾಲ್ಕನೇ ಅಸೈನ್‌ಮೆಂಟ್’ ಇವನ್ನೆಲ್ಲ ಕ್ಯಾಮೆರಾ ಮುಂದೆ ಹೇಳಿಸಬೇಡಿ. ಬದಲಾಗುವುದೆಲ್ಲ ಬರಹದಲ್ಲಿರಲಿ, ವಿಡಿಯೊ ಮುಂದಿನ ಸಲಕ್ಕೂ ಆಗುತ್ತದೆ.

8. ಕಟ್ಟುವವರು, ಕೆಡವಿ ನೋಡುವವರು

ಮೂಡಲ್ ಇರಲಿ, ಬೇರೆ ಯಾವುದೇ ಎಲ್‌ಎಂಎಸ್ ಇರಲಿ, ಅದರಲ್ಲಿ ಕೋರ್ಸ್ ಜೋಡಿಸುವವರು ಒಂದು ವಾರದ ಪಾಠವನ್ನು ಮೊದಲು ಪೂರ್ತಿ ಮಾಡಿ ತೋರಿಸಲಿ. ಎಲ್ಲರೂ ಒಪ್ಪಿದ ಮೇಲೆ ಉಳಿದ ವಾರಗಳು. ಜೋಡಿಸಿದ್ದನ್ನು ವಿದ್ಯಾರ್ಥಿಯ ಲಾಗಿನ್‌ನಲ್ಲೇ ತೆರೆದು ನೋಡಿ. ನಿಮ್ಮ ಲಾಗಿನ್‌ನಲ್ಲಿ ಎಲ್ಲ ಕಾಣುತ್ತದೆ, ಅವರಿಗೆ ಆ ಫೈಲು ಮುಚ್ಚಿರಬಹುದು.

ಆಮೇಲೆ ತಂಡದಲ್ಲಿ ಇಲ್ಲದ ಒಬ್ಬ ವಿಷಯ ತಜ್ಞರಿಗೆ ಓದಲು ಕೊಡಿ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಾರೆ, ಅಲ್ವಾ? ಅದರ ಬದಲು ಎಲ್ಲಿ ತಪ್ಪಿದೆ, ಎಲ್ಲಿ ಹಳತಾಗಿದೆ, ಯಾವ ವಾದ ಒಂದೇ ಕಡೆ ವಾಲಿದೆ ಅಂತ ಕೇಳಿ. ಜೊತೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಒಂದು ವಾರದ ಪಾಠ ಮಾಡಿಸಿ. ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಮಾಡಲಿ. ನೀವು ಹಿಂದೆ ಕೂತು ಬರೆದುಕೊಳ್ಳಿ, ಬಾಯಿ ಬಿಡಬೇಡಿ. ಅವರು ಬಟನ್ ಹುಡುಕುತ್ತಾ ಒದ್ದಾಡುವಾಗ ಸುಮ್ಮನಿರುವುದು ಈ ಇಡೀ ಲೇಖನದಲ್ಲೇ ಕಷ್ಟದ ಕೆಲಸ.

9. ಇಬ್ಬರೇ ಇದ್ದರೆ?

ಇಷ್ಟೆಲ್ಲ ಜನ ಎಲ್ಲಿಂದ ತರುವುದು ಅಂತ ನೀವು ಕೇಳುತ್ತೀರಿ. ಬಹಳ ಕಡೆ ಒಬ್ಬ ಪ್ರಾಧ್ಯಾಪಕರು, ಒಬ್ಬ ಸಹಾಯಕರು, ಅಷ್ಟೇ. ಪರವಾಗಿಲ್ಲ, ಒಬ್ಬರು ನಾಲ್ಕು ಪಾತ್ರ ಮಾಡಬಹುದು. ಪಾಠ ಬರೆಯುವವರೇ ಕೋರ್ಸ್ ಮುಖ್ಯಸ್ಥರಾಗಲಿ. ಜೋಡಿಸುವವರೇ ಸಂಯೋಜಕರೂ ವಿಡಿಯೊ ಎಡಿಟರೂ ಆಗಲಿ. ಎರಡು ಕಡೆ ಮಾತ್ರ ಒಬ್ಬರೇ ಇರಬಾರದು. ಪಾಠ ಬರೆದವರೇ ಅದರ ಕೊನೆಯ ಓದುಗರಾಗಬಾರದು. ಪ್ರಶ್ನೆ ಬರೆದವರೇ ಉತ್ತರ ಸರಿಯಿದೆ ಅಂತ ಮುದ್ರೆ ಒತ್ತಬಾರದು. ಇನ್ನೊಬ್ಬರು ಪ್ರಶ್ನೆಪತ್ರಿಕೆಯನ್ನು ನಿಜವಾಗಿ ಬರೆದು ನೋಡಲಿ, ಎಷ್ಟು ಹೊತ್ತು ಹಿಡಿಯಿತು ಅಂತಲೂ ಗುರುತು ಹಾಕಲಿ. ಇದಕ್ಕೆ ಬೇರೆ ವಿಭಾಗದ ಗೆಳೆಯರಿಂದ ಒಂದು ಮಧ್ಯಾಹ್ನ ಸಾಲ ತಗೊಂಡರೂ ಸಾಕು.

10. ಕೋರ್ಸ್ ಶುರುವಾದ ಮೇಲೆ

ಮೊದಲ ಎರಡು ವಾರ ವಿದ್ಯಾರ್ಥಿಗಳ ಮೇಲ್‌ಗಳಿಗೆ ಯಾರು, ಎಷ್ಟು ಹೊತ್ತಿನೊಳಗೆ ಉತ್ತರ ಕೊಡುತ್ತಾರೆ ಅಂತ ಮೊದಲೇ ಬರೆದಿಡಿ. ಟ್ಯೂಟರ್‌ಗಳು ಇದ್ದರೆ ಅವರನ್ನು ಕೊನೆಗೆ ಕರೆಯಬೇಡಿ. ವಿದ್ಯಾರ್ಥಿಗಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ತಂಡದಲ್ಲಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ತಪ್ಪುಗಳ ಪಟ್ಟಿಯೊಂದು ಎಲ್ಲರಿಗೂ ಕಾಣುವಲ್ಲಿರಲಿ. ಉತ್ತರ ತಪ್ಪಿದ್ದರೆ, ಲಿಂಕ್ ಸತ್ತಿದ್ದರೆ ಅವತ್ತೇ ಸರಿಮಾಡಿ, ಸರಿಮಾಡಿದ್ದನ್ನು ವಿದ್ಯಾರ್ಥಿಗಳಿಗೂ ತಿಳಿಸಿ. ‘ಈ ಪಾಠ ಇನ್ನೂ ಚೆನ್ನಾಗಿ ಬರೆಯಬಹುದಿತ್ತು’ ಅನ್ನುವಂಥದ್ದು ಮುಂದಿನ ಸಲಕ್ಕೆ ಇರಲಿ. ಅರ್ಧ ಜನ ಹಳೆಯದನ್ನು ಓದಿ, ಅರ್ಧ ಜನ ಹೊಸದನ್ನು ಓದಿ ಪರೀಕ್ಷೆಗೆ ಕೂತರೆ ಫಜೀತಿ.

ತಂಡ ಚದುರುವ ಮೊದಲು ಸಂಯೋಜಕರು ಒಂದು ದಿನ ಕೂತು ಎಲ್ಲರ ಹತ್ತಿರ ಇರುವುದನ್ನು ಒಂದೇ ಕಡೆ ಸೇರಿಸಲಿ. ಚಿತ್ರಗಳ ಅನುಮತಿ ಪತ್ರ, ಸ್ಲೈಡಿನ ಮೂಲ ಫೈಲು, ಕ್ಯಾಪ್ಶನ್ ಫೈಲು, ಎಡಿಟ್ ಆಗದ ವಿಡಿಯೊ, ಖಾತೆಗಳ ಪಾಸ್‌ವರ್ಡ್. ನಾನು ನೋಡಿದ ಒಂದು ಕೋರ್ಸಿನಲ್ಲಿ ಮೂಲ ವಿಡಿಯೊಗಳೆಲ್ಲ ಒಬ್ಬರ ಸ್ವಂತ ಲ್ಯಾಪ್‌ಟಾಪಿನಲ್ಲಿದ್ದವು. ಅವರು ಕೆಲಸ ಬಿಟ್ಟು ಹೋದರು. ಒಂದು ಸ್ಲೈಡಿನ ಕಾಗುಣಿತ ತಪ್ಪು ತಿದ್ದಲು ಆ ಪಾಠವನ್ನೇ ಮತ್ತೆ ಚಿತ್ರೀಕರಿಸಬೇಕಾಯಿತು.